ಭದ್ರನ್ ವಕೀಲರಿಗೆ ದನಿಯಾದವರು

ವೀರಭದ್ರ ಮುಳಗುಂದ ಎಂಬ ಹೆಸರು ಎರ್ನಾಕುಳಂನಲ್ಲಿ ಯಾರ ಬಾಯಲ್ಲೂ ನಿಲ್ಲಲಿಲ್ಲ. ಗದಗಿನ ಕಡೆಯ ಈ ಎತ್ತರದ ಮನುಷ್ಯ ಅರವತ್ತರ ದಶಕದ ಆರಂಭದಲ್ಲಿ ಒಂದು ಬ್ಯಾಂಕಿನ ಕಾನೂನು ಅಧಿಕಾರಿಯಾಗಿ ಅಲ್ಲಿಗೆ ವರ್ಗವಾಗಿ ಬಂದರು. ನೌಕರಿಯ ಕುರ್ಚಿ ಅವರಿಗೆ ಒಗ್ಗಲಿಲ್ಲ. ಎರಡು ವರ್ಷಕ್ಕೆ ಅದನ್ನು ಬಿಟ್ಟು, ಕರಿ ಕೋಟು ತೊಟ್ಟು, ಅದೇ ಬ್ಯಾಂಕಿನ ಮೊಕದ್ದಮೆಗಳನ್ನು ಹೊರಗಿನಿಂದ ನಡೆಸತೊಡಗಿದರು. ಕೋರ್ಟಿನ ಗುಮಾಸ್ತರು ಮೊದಲ ವಾರವೇ ‘ಮುಳಗುಂದ’ವನ್ನು ಕೈಬಿಟ್ಟರು, ಆಮೇಲೆ ‘ವೀರ’ನನ್ನೂ ಬಿಟ್ಟರು. ಕೊನೆಗೆ ಉಳಿದದ್ದು ಭದ್ರನ್ ವಕ್ಕೀಲ್.

ಅವರದು ಕಂಚಿನ ಕಂಠ. ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಕೂಗಿ ಮಾತಾಡುತ್ತಿದ್ದ ಮನೆತನ. ಮೆಲ್ಲಗೆ ಮಾತಾಡುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಚಿಟ್ಟೂರು ರಸ್ತೆಯಲ್ಲಿ ಬಾಡಿಗೆಗೆ ಮನೆ ಹಿಡಿದ ಹೊಸದರಲ್ಲಿ ಪಕ್ಕದ ಮನೆಯ ಹೆಂಗಸು ಬೇಲಿಯ ಹತ್ತಿರ ಬಂದು, ಅವರ ಹೆಂಡತಿ ನಿರ್ಮಲರನ್ನು ಕೈಸನ್ನೆಯಲ್ಲೇ ಕೇಳಿದಳಂತೆ, ಹೊಡೆಯುತ್ತಾನೇನು ನಿನ್ನ ಗಂಡ ಎಂದು.

“ಇಲ್ರೀ ಚೇಚಿ, ಉಪ್ಪು ಕೇಳಿದ್ರು ಅಷ್ಟ,” ಎಂದು, ಅಕ್ಕ ಎಂಬರ್ಥದ ‘ಚೇಚಿ’ ಒಂದನ್ನು ಬಿಟ್ಟರೆ, ನಿರ್ಮಲ ಕನ್ನಡದಲ್ಲೇ ಹೇಳಿದ್ದರು. ಆ ಹೆಂಗಸಿಗೆ ಮಾತು ತಿಳಿಯದಿದ್ದರೂ ನಗು ತಿಳಿಯಿತು. ಅವತ್ತಿನಿಂದ ಬೇಲಿಯ ಮೇಲಿಂದ ಅಕ್ಕಿಹಿಟ್ಟಿನ ಪುಟ್ಟು ಈಚೆ ಬಂತು, ಜೋಳದ ರೊಟ್ಟಿ ಆಚೆ ಹೋಯಿತು.

ಆ ದಿನಗಳಲ್ಲಿ ಮಟ್ಟಾಂಚೇರಿಯ ವರ್ತಕರು ಮೆಣಸು, ಶುಂಠಿಯ ದಾಸ್ತಾನಿನ ಹಾಗೆಯೇ ಕಂಪನಿಗಳ ಷೇರುಗಳನ್ನೂ ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಎತ್ತುತ್ತಿದ್ದರು. ಷೇರುಪತ್ರದ ಜೊತೆಗೆ ಒಂದು ವರ್ಗಾವಣೆ ಫಾರಂ. ಷೇರಿನ ಒಡೆಯ ಅದಕ್ಕೆ ಸಹಿ ಹಾಕುವುದು, ಯಾರಿಗೆ ವರ್ಗ ಎಂಬ ಜಾಗವನ್ನು ಖಾಲಿ ಬಿಡುವುದು ವಾಡಿಕೆ. ಸಾಲ ತೀರಿದರೆ ಕಾಗದ ವಾಪಸು. ತೀರದಿದ್ದರೆ ಬ್ಯಾಂಕು ಆ ಖಾಲಿ ಜಾಗದಲ್ಲಿ ತನ್ನ ಹೆಸರು ಬರೆದುಕೊಳ್ಳುತ್ತಿತ್ತು. ತಂಟೆ ಶುರುವಾಗುವುದು ಅಲ್ಲಿಂದ. ಸಹಿ ನನ್ನದಲ್ಲ ಎನ್ನುವವರು ಕೆಲವರು. ಸಹಿ ನನ್ನದೇ, ಆದರೆ ಇದಕ್ಕೆಂದು ಹಾಕಿದ್ದಲ್ಲ ಎನ್ನುವವರು ಇನ್ನು ಕೆಲವರು. ಇಂಥ ವ್ಯಾಜ್ಯಗಳಲ್ಲಿ ಬ್ಯಾಂಕಿನ ಪರ ನಿಲ್ಲುವುದೇ ವೀರಭದ್ರರ ಕಸುಬಾಯಿತು. ಹೆಚ್ಚಿನ ವಕೀಲರಿಗೆ ಅದು ಬೇಸರದ ಕೆಲಸ. ವೀರಭದ್ರರಿಗೆ ಮಾತ್ರ ಒಂದೊಂದು ಸಹಿಯ ಹಿಂದೆ ಒಂದೊಂದು ಮನೆ ಕಾಣುತ್ತಿತ್ತು: ಅಣ್ಣತಮ್ಮಂದಿರು, ವಿಧವೆಯರು, ಅಳಿಯಂದಿರು.

ಹೈಕೋರ್ಟಿನಲ್ಲಿ ಇಂಗ್ಲಿಷು ನಡೆಯುತ್ತಿತ್ತು. ಕೆಳಗಿನ ಕೋರ್ಟಿನಲ್ಲಿ ಸಾಕ್ಷಿಗಳು ಮಾತಾಡುವುದು ಮಲಯಾಳ. ದುಭಾಷಿ ಬೇಡ, ತಾನೇ ಕೇಳುತ್ತೇನೆಂದು ವೀರಭದ್ರರ ಹಟ. ಒಮ್ಮೆ ಮಟ್ಟಾಂಚೇರಿಯ ಒಬ್ಬ ಗೋದಾಮಿನ ಮೇಸ್ತ್ರಿಯ ಪಾಟೀಸವಾಲು ನಡೆದಿತ್ತು. ಅವನು ಒಪ್ಪಿಸಬೇಕಿದ್ದ ಸರಕಿನ ಪಟ್ಟಿ ಎಲ್ಲಿ ಎಂದು ಕೇಳಬೇಕಿತ್ತು. ವೀರಭದ್ರರು ಕಟಕಟೆಯ ಕಡೆ ಬೆರಳು ಚಾಚಿ, ಸೂರು ಹಾರುವಂತೆ ಗುಡುಗಿದರು: “ನಿಂಙಳುಡೆ ಪಟ್ಟಿ ಎವಿಡೆ?”

ಮೇಸ್ತ್ರಿ ಗಾಬರಿಯಿಂದ ನ್ಯಾಯಾಧೀಶರನ್ನು ನೋಡಿದ. ಆಮೇಲೆ ಕೈಮುಗಿದು, ಮನೆಯಲ್ಲಿ ಕಟ್ಟಿಹಾಕಿದ್ದೇನೆ ಸ್ವಾಮಿ, ಯಾರನ್ನೂ ಕಚ್ಚಿಲ್ಲ ಎಂದ.

ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವರು ಎದುರು ವಕೀಲ ಇಟ್ಟೂಪ್ ತರಕನ್. ಅಂಗಮಾಲಿ ಕಡೆಯ ಕ್ರೈಸ್ತರು, ಕುಳ್ಳು ದೇಹ, ಹುರಿ ಮೀಸೆ. ಊಟದ ಬಿಡುವಿನಲ್ಲಿ ವೀರಭದ್ರರು ಮೂಲೆಯ ಬೆಂಚಿನಲ್ಲಿ ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದಾಗ ಆ ತರಕನ್ನೇ ಎರಡು ಲೋಟ ಚಹಾ ಹಿಡಿದು ಬಂದರು.

“ನನ್ನ ಸಾಕ್ಷಿಯನ್ನು ಇಷ್ಟು ಖುಷಿಯಾಗಿ ಮನೆಗೆ ಕಳಿಸಿದ ಎದುರು ವಕೀಲರು ನೀವೊಬ್ಬರೇ,” ಎಂದರು ಇಂಗ್ಲಿಷಿನಲ್ಲಿ. “ಪಟ್ಟಿ ಅಂದರೆ ನಮ್ಮಲ್ಲಿ ನಾಯಿ. ನಿಮಗೆ ಬೇಕಾದದ್ದು ಪಟ್ಟಿಕ. ಕೊನೆಯ ಅಕ್ಷರ ಬಿಟ್ಟರೆ ಬಾಲ ಬರುತ್ತದೆ.”

ವೀರಭದ್ರರಿಗೂ ನಗು ತಡೆಯಲಾಗಲಿಲ್ಲ. ಆವತ್ತಿನ ಚಹಾ ಮರುದಿನಕ್ಕೂ ಮುಂದುವರಿಯಿತು. ತರಕನ್ ವೀರಭದ್ರರಿಗೆ ಮಲಯಾಳದ ಅಕ್ಷರ ಕಲಿಸಿದರು. ಮಟ್ಟಾಂಚೇರಿಯ ವರ್ತಕರು ಹೌದು ಎಂದಾಗ ಅದು ಯಾವಾಗ ಹೌದು, ಯಾವಾಗ ಅಲ್ಲ ಎಂಬುದನ್ನೂ ಕಲಿಸಿದರು. ಮಾರನೆಯ ದಿನ ಅದೇ ತಿಳಿವಳಿಕೆ ತನ್ನ ಕಕ್ಷಿಗಾರನ ಮೇಲೆಯೇ ತಿರುಗೀತು ಎಂದು ಗೊತ್ತಿದ್ದೂ ಕಲಿಸಿದರು. ಕೋರ್ಟಿನ ಒಳಗೆ ಮಾತ್ರ ಇಬ್ಬರೂ ಟಗರುಗಳೇ. ಹಾಯುವಾಗ ಒಬ್ಬರಿಗೊಬ್ಬರು ಕರುಣೆ ತೋರುತ್ತಿರಲಿಲ್ಲ.

ಹೀಗೆ ಹಾಯ್ದಾಡಿದ ವ್ಯಾಜ್ಯಗಳಲ್ಲಿ ದೊಡ್ಡದು ಕುಸುಮಾವತಿ ಬಾಯಿಯದು. ಆಕೆ ಮಟ್ಟಾಂಚೇರಿಯ ಕೊಂಕಣಿ ವರ್ತಕರ ಮನೆಯ ವಯಸ್ಸಾದ ವಿಧವೆ. ಏಲೂರಿನ ಒಂದು ರಾಸಾಯನಿಕ ಕಾರ್ಖಾನೆಯ ಷೇರುಗಳನ್ನು ಗಂಡ ಆಕೆಯ ಹೆಸರಿನಲ್ಲಿ ಬಿಟ್ಟುಹೋಗಿದ್ದ. ಮೈದುನ ನಟರಾಜ ಒಂದು ದಿನ ಬಂದು, ಲಾಭಾಂಶ ತರಿಸುವುದಕ್ಕೆ ಎಂದು ಹೇಳಿ, ವರ್ಗಾವಣೆ ಫಾರಂಗಳಿಗೆ ಅತ್ತಿಗೆಯ ಸಹಿ ಹಾಕಿಸಿಕೊಂಡ. ಷೇರುಗಳನ್ನು ವೀರಭದ್ರರ ಬ್ಯಾಂಕಿನಲ್ಲಿ ಅಡವಿಟ್ಟು ಮೆಣಸಿನ ವ್ಯಾಪಾರಕ್ಕೆ ಸಾಲ ತೆಗೆದ. ವ್ಯಾಪಾರ ಮುಳುಗಿತು, ನಟರಾಜ ಬೊಂಬಾಯಿಯ ಕಡೆ ಹೋದವನು ಪತ್ತೆಯಾಗಲಿಲ್ಲ. ಬ್ಯಾಂಕು ಷೇರುಗಳಿಗೆ ಕೈಹಾಕಿದಾಗ ಕುಸುಮಾವತಿ ಬಾಯಿ ದಾವೆ ಹೂಡಿದರು. ಅವರ ವಕೀಲ ತರಕನ್.

ಕೆಳಗಿನ ಕೋರ್ಟಿನಲ್ಲಿ ವೀರಭದ್ರರು ಆಕೆಯನ್ನು ಬಿಡದೆ ಪ್ರಶ್ನಿಸಿದರು. ದಿನಾ ಪತ್ರಿಕೆ ಓದುವ ಹೆಂಗಸು ನೀವು, ಸಹಿ ಹಾಕುವ ಕಾಗದ ಓದಲಿಲ್ಲವೆಂದರೆ ಯಾರು ನಂಬಬೇಕು, ಮೈದುನನ ಜೊತೆ ಸೇರಿಕೊಂಡೇ ಮಾಡಿದ್ದೀರಿ ಎಂದರು. ಆಕೆ ಸೆರಗು ಹೊದ್ದು, ನೆಟ್ಟಗೆ ನಿಂತು, “ನಾನು ಸುಳ್ಳು ಹೇಳುವವಳಲ್ಲ” ಎಂದಷ್ಟೇ ಉತ್ತರ ಕೊಟ್ಟರು. ಆ ಕೋರ್ಟು ಆಕೆಯ ಮಾತನ್ನು ನಂಬಿ ಬ್ಯಾಂಕಿನ ವಿರುದ್ಧ ತೀರ್ಪು ಕೊಟ್ಟಿತು. ಬ್ಯಾಂಕು ಹೈಕೋರ್ಟಿಗೆ ಮೇಲ್ಮನವಿ ಹಾಕಿತು. ಅದು ಸರದಿಗೆ ಬರುವುದರೊಳಗೆ ಎಪ್ಪತ್ತಮೂರನೇ ಇಸವಿ ಬಂದಿತ್ತು.

ಅದೇ ವರ್ಷ ವೀರಭದ್ರರ ಕಂಠ ಕೈಕೊಟ್ಟಿತು. ಮೊದಲು ಸಂಜೆಯ ಹೊತ್ತಿಗೆ ಕರಕರ ಎನ್ನುತ್ತಿತ್ತು. ಬರಬರುತ್ತ ಬೆಳಗ್ಗೆಯೇ ಮಾತು ಅರ್ಧಕ್ಕೆ ಕಡಿಯತೊಡಗಿತು. ಜ್ಯೇಷ್ಠಮಧು ಕಚ್ಚಿದರು, ಬಿಸಿನೀರು ಮುಕ್ಕಳಿಸಿದರು, ಊರಿಂದ ಹಿಪ್ಪಲಿ ತರಿಸಿದರು. ಯಾವುದೂ ಹತ್ತಲಿಲ್ಲ. ಗಂಟಲಲ್ಲಿ ಗಂಟು ಕಾಣುತ್ತದೆ, ತಿರುವನಂತಪುರಕ್ಕೆ ಹೋಗಿ ತೋರಿಸಿ ಎಂದರು ಎರ್ನಾಕುಳಂನ ಡಾಕ್ಟರು. ಗಂಟು ಎಂಥದೆಂದು ಅವರು ಹೇಳಲಿಲ್ಲ. ಗಂಡಹೆಂಡಿರಿಬ್ಬರೂ ಕೇಳಲಿಲ್ಲ.

ತಿರುವನಂತಪುರದಲ್ಲಿ ಅವರಿಗೆ ಯಾರೂ ಇರಲಿಲ್ಲ. ಉಳ್ಳೂರಿನಲ್ಲಿ, ದೊಡ್ಡಾಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ರಾಜಲಕ್ಷ್ಮಿ ಎಂಬ ಮೈಸೂರಿನ ಹೆಣ್ಣುಮಗಳ ಮನೆಯಿತ್ತು. ಗಂಡ ರಾಕೆಟ್ ಕೇಂದ್ರದಲ್ಲಿ ಎಂಜಿನಿಯರು. ಯಾರದೋ ಮೂಲಕ ಗುರುತು ಹೇಳಿಸಿಕೊಂಡು ನಿರ್ಮಲ ಆ ಬಾಗಿಲು ತಟ್ಟಿದರು, ಹತ್ತಿರದಲ್ಲಿ ಒಂದು ಬಾಡಿಗೆ ಕೋಣೆ ಎಲ್ಲಾದರೂ ಸಿಕ್ಕೀತೇ ಎಂದು ವಿಚಾರಿಸುವುದಕ್ಕೆ.

“ಕೋಣೆ ಯಾಕ್ರೀ ಹುಡುಕ್ತೀರಾ? ಇಲ್ಲೊಂದು ರೂಮು ಸುಮ್ಮನೆ ಬಿದ್ದಿದೆ,” ಎಂದರು ರಾಜಲಕ್ಷ್ಮಿ, ಇನ್ನೂ ಹೆಸರು ಕೇಳುವ ಮೊದಲೇ. “ಮೊದಲು ಒಳಗೆ ಬನ್ನಿ, ಕಾಫಿ ಕುಡೀರಿ. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಕೇಳಿದ್ರೆ ಮಲಯಾಳದಲ್ಲಿ ಉತ್ತರ ಕೊಡ್ತಾವೆ. ನೀವಿದ್ರೆ ನಾಲ್ಕು ಮಾತು ಕಲೀಲಿ.”

ಗಂಟು ತೆಗೆದರು. ಪರೀಕ್ಷೆಯ ವರದಿ ಬರುವ ತನಕ ನಿರ್ಮಲರಿಗೆ ಅನ್ನ ಇಳಿಯಲಿಲ್ಲ. ವರದಿ ಬಂದ ದಿನ ಡಾಕ್ಟರು, ಕೆಟ್ಟ ಗಂಟಲ್ಲ, ಕೂಗಿ ಕೂಗಿ ಬೆಳೆಸಿಕೊಂಡದ್ದು ಎಂದರು. ರಾಜಲಕ್ಷ್ಮಿ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ನಿರ್ಮಲರನ್ನು ತಬ್ಬಿಕೊಂಡು ಅತ್ತರು, ಒಡಹುಟ್ಟಿದವರ ಹಾಗೆ. ಆದರೆ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ತಾವು ಹೇಳುವ ತನಕ ಬಾಯಿ ಬಿಡಬಾರದು, ಪಿಸುಗುಟ್ಟಲೂ ಬಾರದು. ಆಮೇಲೂ ದನಿ ಎಷ್ಟು ಮರಳುತ್ತದೆಂದು ಹೇಳಲಾಗದು.

ವೀರಭದ್ರರು ಮಕ್ಕಳ ಸ್ಲೇಟು ಬಳಪ ಹಿಡಿದು ಕೂತರು. ಮದುವೆಯಾದಂದಿನಿಂದ ಮನೆಯಲ್ಲಿ ಅವರದೇ ಗದ್ದಲವಾಗಿತ್ತು. ಈಗ ಮೊದಲ ಸಲ ಹೆಂಡತಿಯ ಮಾತನ್ನು ಕಡೆಯ ತನಕ ಕೇಳಿದರು. ನಿರ್ಮಲ ಅಡುಗೆ ಮಾಡುತ್ತ ಸಣ್ಣಗೆ ಹಾಡಿಕೊಳ್ಳುತ್ತಾಳೆ, ಒಬ್ಬಳೇ ಇದ್ದಾಗ ಮಲಯಾಳದಲ್ಲಿ ಲೆಕ್ಕ ಹಾಕುತ್ತಾಳೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಯಾವಾಗ ಕಲಿತಿ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದರು.

“ನಿಮ್ಮ ಮುಂದ ಆಡಾಕ ಪಾಳಿ ಎಲ್ಲಿ ಸಿಗತಿತ್ತು?” ಎಂದು ನಿರ್ಮಲ ನಕ್ಕರು. “ಪಕ್ಕದ ಮನಿ ಚೇಚಿ ಕಲಿಸ್ಯಾಳ. ನನಗ ಈಗ ಕನಸೂ ಒಂದೊಂದು ಸರತಿ ಮಲಯಾಳದಾಗ ಬೀಳ್ತಾವ.”

ಎರ್ನಾಕುಳಂಗೆ ಮರಳಿದಾಗ ಬ್ಯಾಂಕಿನ ಮ್ಯಾನೇಜರು ಹಯವದನ ರಾವ್ ಮನೆಗೆ ಬಂದರು. ಬೆಂಗಳೂರಿನವರು, ನಯವಾದ ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತು, ಕೊಡೆಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತ ಹೇಳಿದರು: “ತಪ್ಪು ತಿಳ್ಕೋಬೇಡಿ ಸಾರ್. ಕುಸುಮಾವತಿ ಬಾಯಿ ಕೇಸು ಕೋರ್ಟಿನ ರಜೆಗೆ ಮುಂಚೆ ಬರತ್ತೆ. ಬೇರೆ ವಕೀಲರನ್ನ ಇಡಿ ಅಂತ ಹೆಡ್ ಆಫೀಸಿಂದ ಒತ್ತಾಯ ಮಾಡ್ತಿದಾರೆ.”

ವೀರಭದ್ರರು ಸ್ಲೇಟು ಎತ್ತಿಕೊಂಡರು. ನಾನೇ ನಡೆಸುತ್ತೇನೆ ಎಂದು ಬರೆದು ಮುಂದೆ ಹಿಡಿದರು. ಹಯವದನ ರಾವ್ ಕೊಡೆಯನ್ನು ಪಕ್ಕಕ್ಕಿಟ್ಟರು.

“ಇಷ್ಟು ವರ್ಷ ಈ ಕೇಸು ಹೊತ್ತವರು ನೀವು. ನಾನು ಹೇಗೋ ತಡೀತೀನಿ,” ಎಂದರು. “ನೀವು ವಾದ ಬರೆದಿಡಿ. ಆಗಲೇ ಎರಡು ಸಲ ಮುಂದೆ ಹಾಕಿಸಿದೀವಿ, ಆ ದಿನ ಇನ್ನೊಂದು ವಾಯಿದೆ ಕೇಳೋಣ. ಸಿಗದಿದ್ರೆ ನೋಡ್ಕೊಂಡ್ರಾಯ್ತು.”

ಹೆಡ್ ಆಫೀಸಿನ ಮಾತು ಮೀರುವುದು ಸಂಬಳದವನಿಗೆ ಎಷ್ಟು ಕಷ್ಟವೆಂದು ಒಂದು ಕಾಲದಲ್ಲಿ ಅದೇ ಸಂಬಳ ತಿಂದ ವೀರಭದ್ರರಿಗೆ ಗೊತ್ತಿತ್ತು. ಎದ್ದು ಹೋಗಿ ಮ್ಯಾನೇಜರ ಎರಡೂ ಕೈ ಹಿಡಿದುಕೊಂಡರು. ಅವತ್ತಿನಿಂದಲೇ ವಾದ ಬರೆಯಲು ಕೂತರು. ಬಾಯಲ್ಲಿ ಆಡುತ್ತಿದ್ದುದನ್ನೆಲ್ಲ ಕೈಯಲ್ಲಿ ಬರೆದರು. ಆಕೆ ಸುಳ್ಳು ಹೇಳುತ್ತಾಳೆಂಬುದನ್ನೂ ಬಿಡಲಿಲ್ಲ.

ವಿಚಾರಣೆಯ ದಿನ ಅವರ ಜೂನಿಯರ್ ಪ್ರೇಮ ಹೆರಿಗೆಗೆಂದು ತವರಿಗೆ ಹೋಗಿದ್ದರು. ವೀರಭದ್ರರು ಟೈಪು ಮಾಡಿಸಿದ ವಾದದ ಕಟ್ಟು ಹಿಡಿದು ಒಬ್ಬರೇ ಎದ್ದು ನಿಂತರು. ಅವರಿಗೆ ಬಾಯಿಲ್ಲದ್ದರಿಂದ ಎದುರು ವಕೀಲ ತರಕನ್ನೇ ಎದ್ದು ಗೆಳೆಯನ ಪರವಾಗಿ ವಾಯಿದೆ ಕೇಳಿದರು: “ಮೈ ಲಾರ್ಡ್, ನನ್ನ ಗೆಳೆಯರಿಗೆ ಶಸ್ತ್ರಚಿಕಿತ್ಸೆಯಾಗಿದೆ. ಅವರು ಮಾತಾಡುವಂತಿಲ್ಲ.”

ಪೀಠದಲ್ಲಿ ಇಬ್ಬರು ನ್ಯಾಯಮೂರ್ತಿಗಳು. ಹಿರಿಯರು ಕಡತದ ಅಂಚನ್ನು ತಿರುವಿದರು. “ಇದೇ ಕಾರಣಕ್ಕೆ ಆಗಲೇ ಎರಡು ಸಲ ಮುಂದೆ ಹಾಕಿದ್ದೇವೆ. ರಜೆಯ ಹೊತ್ತಿಗೆ ನಾನು ನಿವೃತ್ತನಾಗುತ್ತೇನೆ. ಹೊಸ ಪೀಠದ ಮುಂದೆ ಇದು ಇನ್ನೆಷ್ಟು ವರ್ಷ ಕೂರಬೇಕು? ಬ್ಯಾಂಕು ಬೇರೆ ವಕೀಲರನ್ನು ನೇಮಿಸಿಕೊಳ್ಳಲಿ.”

ಹಿಂದಿನ ಸಾಲಿನಲ್ಲಿ ಹಯವದನ ರಾವ್ ಅರ್ಧ ಎದ್ದರು. ವೀರಭದ್ರರು ವಾದದ ಕಟ್ಟನ್ನು ಪೀಠದ ಕಡೆ ಎತ್ತಿ ಹಿಡಿದರು. ಬೇರೆಯವರ ಮಾತು ಹೇಳಿ ಬದುಕಿದ ಮನುಷ್ಯ; ಈಗ ತನ್ನದೊಂದು ಮಾತು ಹೇಳುವುದಕ್ಕೆ ಬಾಯಿಲ್ಲ.

ತರಕನ್ ಹಿಂದೆ ತಿರುಗಿ, ಗೋಡೆಯ ಪಕ್ಕ ಕೂತಿದ್ದ ಕುಸುಮಾವತಿ ಬಾಯಿಯ ಹತ್ತಿರ ಬಗ್ಗಿ ಏನೋ ಕೇಳಿದರು. ಆಕೆ ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡರು. ಆಮೇಲೆ ಮಲಯಾಳದಲ್ಲಿ, ಹತ್ತಿರದವರಿಗೆಲ್ಲ ಕೇಳುವಂತೆ ಹೇಳಿದರು: “ಓದಲಿ. ಬಾಯಿಲ್ಲದವನ ಎದುರು ಗೆದ್ದಳು ಅನ್ನಿಸಿಕೊಳ್ಳುವುದು ನನಗೆ ಬೇಡ.”

ತರಕನ್ ಪೀಠದ ಕಡೆ ತಿರುಗಿದರು. “ಮೈ ಲಾರ್ಡ್, ನನ್ನ ಕಕ್ಷಿಗಾರರ ಒಪ್ಪಿಗೆ ಇದೆ. ಅವರ ವಾದವನ್ನು ನಾನೇ ಓದುತ್ತೇನೆ.”

“ನೀವು ಎದುರು ಪಕ್ಷದವರು, ಮಿಸ್ಟರ್ ತರಕನ್!”

“ಊಟದ ಹೊತ್ತಿನವರೆಗೆ ನಾನು ಭದ್ರನ್ ವಕೀಲರ ಬಾಯಿ. ಊಟವಾದ ಮೇಲೆ ನನ್ನ ಬಾಯಿ ನನಗೆ.”

ನ್ಯಾಯಮೂರ್ತಿಗಳಿಬ್ಬರೂ ಮುಖ ಮುಖ ನೋಡಿಕೊಂಡರು. ಹಿರಿಯರು ಬ್ಯಾಂಕಿನ ಒಪ್ಪಿಗೆಯನ್ನೂ ಕೇಳಿದರು. ಹಯವದನ ರಾವ್ ಆಗಲೆಂದು ತಲೆಯಾಡಿಸಿದರು. ವೀರಭದ್ರರು ಕಾಗದದ ಕಟ್ಟನ್ನು ಗೆಳೆಯನ ಕೈಗಿಟ್ಟರು.

ತರಕನ್ ಓದಿದರು. ಒಪ್ಪಿಸಿಬಿಟ್ಟರೆ ಸಾಕೆಂಬ ಓದಲ್ಲ ಅದು. ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿ, ಹಳೆಯ ತೀರ್ಪುಗಳನ್ನು ಹೇಳುವಾಗ ಪುಟ ತೆರೆದು ತೋರಿಸಿ, ನ್ಯಾಯಮೂರ್ತಿಗಳು ಪ್ರಶ್ನೆ ಕೇಳಿದಾಗ ವೀರಭದ್ರರು ಗೀಚಿಕೊಟ್ಟ ಉತ್ತರವನ್ನು ತಿದ್ದದೆ ಓದಿ, ಬ್ಯಾಂಕಿನ ದುಡ್ಡು ತಿಂದವರ ಹಾಗೆ ವಾದಿಸಿದರು. ವೀರಭದ್ರರು ಬೆರಗಾಗಿ ಕೇಳುತ್ತಿದ್ದರು. ತನ್ನ ವಾದ ಇಷ್ಟು ಚೆನ್ನಾಗಿದೆಯೇ ಎನಿಸಿತು. ಅವರು ಗುಡುಗಿದ್ದರೆ ಅದರ ಅರ್ಧ ಸದ್ದಿನಲ್ಲೇ ಹೋಗುತ್ತಿತ್ತು.

ಆಮೇಲೆ ಆ ಭಾಗ ಬಂತು. “ವಾದಿಯ ಹೇಳಿಕೆ ನಂಬಲು ಯೋಗ್ಯವಲ್ಲ. ವಿದ್ಯಾವಂತೆಯಾದ ಈಕೆ ಮೈದುನನ ಸಂಚಿನಲ್ಲಿ ಪಾಲುಗಾರಳು...” ತನ್ನ ಕಕ್ಷಿಗಾರಳ ಮೇಲಿನ ಆ ಮಾತನ್ನೂ ತರಕನ್ ದನಿ ತಗ್ಗಿಸದೆ ಓದಿದರು. ವೀರಭದ್ರರು ಗೋಡೆಯ ಕಡೆ ನೋಡಿದರು. ಕುಸುಮಾವತಿ ಬಾಯಿ ಕಣ್ಣು ಮುಚ್ಚಿ ಕೂತಿದ್ದರು. ಈಗಷ್ಟೇ, ಓದಲಿ ಎಂದವರು ಆಕೆ. ಸುಳ್ಳು ಹೇಳುವ ಹೆಂಗಸು ಹಾಗೆ ಹೇಳುತ್ತಿದ್ದಳೇ?

ವೀರಭದ್ರರು ತಟ್ಟನೆ ಕೈಯೆತ್ತಿ ತರಕನ್ನರನ್ನು ನಿಲ್ಲಿಸಿದರು. ಒಂದು ಚೀಟಿ ಬರೆದು ಹಿಂದಿನ ಸಾಲಿಗೆ ಹೋಗಿ ಹಯವದನ ರಾಯರಿಗೆ ತೋರಿಸಿದರು. ರಾಯರು ಎರಡು ಸಲ ಓದಿ, ಕೋರ್ಟಿನ ಆಚೆ ತುದಿಯಲ್ಲಿದ್ದ ಆ ಮುದುಕಿಯನ್ನೊಮ್ಮೆ ನೋಡಿ, “ಆಗಲಿ” ಎಂದರು. ಚೀಟಿ ತರಕನ್ ಕೈಗೆ ಹೋಯಿತು.

“ಈ ಆಪಾದನೆಯನ್ನು ಬ್ಯಾಂಕು ಹಿಂದಕ್ಕೆ ಪಡೆಯುತ್ತದೆ,” ಎಂದು ತರಕನ್ ಓದತೊಡಗಿದರು. “ವಾದಿ ಹೇಳಿದ್ದು ನಿಜವೆಂದು ಒಪ್ಪುತ್ತೇವೆ. ಆಕೆಯೂ ಮೋಸ ಹೋದರು, ಬ್ಯಾಂಕೂ ಮೋಸ ಹೋಯಿತು. ಮೋಸ ಹೋದ ಇಬ್ಬರಲ್ಲಿ...” ಅಲ್ಲಿ ಅವರು ಚೀಟಿಯಿಂದ ಕಣ್ಣೆತ್ತಿ ಗೆಳೆಯನನ್ನು ನೋಡಿದರು. ಆ ದಿನ ಅವರು ತಾವಾಗಿ ಓದು ನಿಲ್ಲಿಸಿದ್ದು ಅದೊಂದೇ ಸಲ. ಮತ್ತೆ ಚೀಟಿಗೆ ಬಗ್ಗಿ ಮುಗಿಸಿದರು: “ಇಬ್ಬರಲ್ಲಿ ನಷ್ಟ ಯಾರು ಹೊರಬೇಕೆಂಬುದಷ್ಟೇ ಪ್ರಶ್ನೆ. ಮೋಸಗಾರನ ಕೈಗೆ ಸಹಿ ಮಾಡಿದ ಕಾಗದ ಕೊಟ್ಟವರು ಹೊರಬೇಕೆಂದು ಕಾನೂನು ಹೇಳುತ್ತದೆ.”

ಊಟವಾದ ಮೇಲೆ ಅದೇ ತರಕನ್ ಅದೇ ವಾದವನ್ನು ಹಿಡಿದು ಎಳೆಎಳೆಯಾಗಿ ಬಿಡಿಸಿ ಹಾಕಿದರು. ಯಾವ ದಾಕ್ಷಿಣ್ಯವನ್ನೂ ತೋರಲಿಲ್ಲ. ವೀರಭದ್ರರಿಗೆ ಅದೂ ಒಂದು ಮರ್ಯಾದೆಯಾಗಿ ಕಂಡಿತು.

ರಜೆಗೆ ಮುಂಚೆಯೇ ತೀರ್ಪು ಬಂತು. ಅಡವು ಊರ್ಜಿತ, ಆದರೆ ಸಾಲ ಬಡ್ಡಿ ತೀರುವಷ್ಟಕ್ಕೆ ಮಾತ್ರ. ಉಳಿದ ಷೇರುಗಳು ಕುಸುಮಾವತಿ ಬಾಯಿಯವು, ಅವನ್ನು ಮರಳಿಸಬೇಕು. ವ್ಯಾಜ್ಯ ನಡೆದಷ್ಟು ಕಾಲದಲ್ಲಿ ಆ ಕಾರ್ಖಾನೆಯ ಷೇರಿನ ಬೆಲೆ ಏರಿತ್ತು. ಸಾಲಕ್ಕೆ ವಜಾ ಹೋಗಿ ಹೆಚ್ಚಿನ ಪಾಲು ಆಕೆಗೇ ಉಳಿಯಿತು. ಆಕೆಯ ಸತ್ಯವಂತಿಕೆಯ ಬಗ್ಗೆ ಯಾರಿಗೂ ಸಂಶಯವಿಲ್ಲ ಎಂಬ ಒಂದು ಮಾತನ್ನೂ ಹಿರಿಯ ನ್ಯಾಯಮೂರ್ತಿಗಳು ಸೇರಿಸಿದ್ದರು. ಬ್ಯಾಂಕಿಗೆ ತನ್ನದು ಬಂತು. ಸೋತಿರೋ ಗೆದ್ದಿರೋ ಎಂದು ಯಾರೋ ಕೇಳಿದ್ದಕ್ಕೆ ತರಕನ್, “ಮನೆಗೆ ಹೋಗಿ ಹೆಂಡತಿಯ ಹತ್ತಿರ ಕೇಳಿ ಹೇಳುತ್ತೇನೆ” ಎಂದರಂತೆ.

ಒಂದು ಭಾನುವಾರ ಕುಸುಮಾವತಿ ಬಾಯಿ ಹೇಳಿಕಳಿಸಿದರು. ವೀರಭದ್ರರೂ ನಿರ್ಮಲರೂ ದೋಣಿ ಹತ್ತಿ ಮಟ್ಟಾಂಚೇರಿಗೆ ಹೋದರು. ಕೆಸುವಿನೆಲೆಯ ಪತ್ರಡೆ ಮಾಡಿ, ಮಣೆ ಹಾಕಿ ಕಾದಿದ್ದರು ಆಕೆ. ಡಾಕ್ಟರು ಅಷ್ಟರಲ್ಲಿ ನಾಲ್ಕಾರು ಮಾತಿಗೆ ಅಪ್ಪಣೆ ಕೊಟ್ಟಿದ್ದರು. ಏನು ಹೇಳಬೇಕೆಂದು ವೀರಭದ್ರರು ದಾರಿಯುದ್ದಕ್ಕೂ ಯೋಚಿಸಿದ್ದರು. ಅವರು ಬಾಯಿ ತೆರೆಯುವ ಮೊದಲೇ ಆಕೆ ಎಲೆಗೆ ಬಡಿಸಿದರು.

ಆಕೆಯೇ ಹೇಳಿದರು: “ಷೇರು ಹೋಗಿದ್ದರೆ ಹೋಗುತ್ತಿತ್ತು ವಕ್ಕೀಲೇ. ಕೋರ್ಟಿನಲ್ಲಿ ಸುಳ್ಳಿ ಅನ್ನಿಸಿಕೊಂಡವಳು ಅಂತ ದೇವಸ್ಥಾನದ ಮೆಟ್ಟಿಲು ಹತ್ತುವಾಗೆಲ್ಲ ಚುಚ್ಚುತ್ತಿತ್ತು. ನೀವು ಅದನ್ನು ಕಿತ್ತು ಹಾಕಿದಿರಿ.” ಎಲೆಗೆ ಇನ್ನೊಂದು ಪತ್ರಡೆ ಬಿತ್ತು. “ಇನ್ನು ಉಣ್ಣಿ. ಗಂಟಲಿಗೆ ಬೆಲ್ಲ ಹಾಕಿದ ಶುಂಠಿ ಕಷಾಯ ಇದೆ.”

ವೀರಭದ್ರರು ಕೈಮುಗಿದರು. ನಿರ್ಮಲ ಗಂಡನ ಪರವಾಗಿ ಮಲಯಾಳದಲ್ಲಿ ಮಾತಾಡಿದರು. ದೋಣಿಯ ಹೊತ್ತಾಗುವ ತನಕ ಆ ಇಬ್ಬರು ಹೆಂಗಸರ ಮಾತು ನಿಲ್ಲಲಿಲ್ಲ.

ದನಿ ಮರಳಿತು, ಆದರೆ ಹಳೆಯ ಕಂಚಲ್ಲ. ಸಣ್ಣ, ಸ್ವಲ್ಪ ಒರಟು, ಹತ್ತಿರ ಬಂದರೆ ಕೇಳುವ ದನಿ. ಅವರು ವಾದಕ್ಕೆ ನಿಂತರೆ ಕೋರ್ಟಿನಲ್ಲಿ ಕಾಗದದ ಸದ್ದೂ ನಿಲ್ಲುತ್ತಿತ್ತು, ನ್ಯಾಯಮೂರ್ತಿಗಳು ಮುಂದಕ್ಕೆ ಬಾಗುತ್ತಿದ್ದರು. ಪ್ರೇಮ ಮಗುವನ್ನು ತಾಯಿಯ ಹತ್ತಿರ ಬಿಟ್ಟು ಕೆಲಸಕ್ಕೆ ಮರಳಿದರು. ದೊಡ್ಡ ವಾದಗಳನ್ನು ವೀರಭದ್ರರು ಬರೆದು ಆಕೆಯ ಬಾಯಿಂದ ಹೇಳಿಸತೊಡಗಿದರು. ಬರೆಯುವಾಗ ಈಗ ಒಂದು ಅಭ್ಯಾಸ ಬಂದಿತ್ತು. ಎದುರು ವಕೀಲನೇ ಇದನ್ನು ತನ್ನ ಕಕ್ಷಿಗಾರನ ಮುಂದೆ ಓದಬೇಕಾದರೆ ಹೇಗಿರುತ್ತದೆಂದು ಯೋಚಿಸಿ ಒಂದೆರಡು ಸಾಲು ಹೊಡೆದು ಹಾಕುತ್ತಿದ್ದರು. ಅದರಿಂದ ಕೇಸು ಸೋತದ್ದೇನೂ ಇಲ್ಲ.

ಎಪ್ಪತ್ತೆಂಟರಲ್ಲಿ ಬೆಂಗಳೂರಿಗೆ ಬನ್ನಿ, ಕಾನೂನು ವಿಭಾಗಕ್ಕೆ ಸಲಹೆಗಾರರಾಗಿ ಇರಿ ಎಂದು ಬ್ಯಾಂಕಿನಿಂದ ಕರೆ ಬಂತು. ಹೆಡ್ ಆಫೀಸು ಸೇರಿದ್ದ ಹಯವದನ ರಾವ್ ತಾವೇ ಫೋನು ಮಾಡಿ ಹೇಳಿದರು. ಕನ್ನಡದ ಊರು, ತಂಪು ಹವೆ, ಗದಗಿಗೆ ಒಂದೇ ರೈಲು. ವೀರಭದ್ರರು ಎರಡು ದಿನ ಯೋಚಿಸಿದರು. ಮೂರನೆಯ ದಿನ ಸಂಜೆ ದೋಣಿ ಕಟ್ಟೆಯ ಹತ್ತಿರ ತಿರುಗಾಡುವಾಗ ಹೆಂಡತಿಯನ್ನು ಕೇಳಿದರು.

“ನೀ ಏನಂತಿ ನಿರ್ಮಲಾ?”

“ನನ್ನ ಕೇಳಿದ್ರಲ್ಲ, ಅದ ದೊಡ್ಡದು,” ಎಂದರು ನಿರ್ಮಲ. ಸ್ವಲ್ಪ ದೂರ ನಡೆದ ಮೇಲೆ, “ಉಳ್ಳೂರಾಗ ಹೆಸರು ಕೇಳದ ಒಳಗ ಕರಕೊಂಡ್ರು. ಆ ಅಜ್ಜಿ ಮಣಿ ಹಾಕಿ ಉಣ್ಣಾಕ ಇಟ್ಲು. ತರಕನ್ ಸಾಹೇಬ್ರು ನಿಮ್ಮ ಬಾಯಿ ಆದ್ರು. ನಮಗ ಬ್ಯಾರೆ ಕಡೆ ಇಷ್ಟು ಮಂದಿ ಎಲ್ಲಿ ಸಿಗತಾರ? ಇಲ್ಲೇ ಇರೂಣು.”

“ಹಂಗಾರ ಇಲ್ಲೇ,” ಎಂದರು ವೀರಭದ್ರರು, ತಮ್ಮ ಸಣ್ಣ ದನಿಯಲ್ಲಿ.

ಸೋಮವಾರ ಅವರಿಗೆ ತರಕನ್ ಎದುರು ಒಂದು ಕೇಸಿತ್ತು. ಸೋತರು. ಆಮೇಲೆ ಇಬ್ಬರೂ ಕ್ಯಾಂಟೀನಿಗೆ ಹೋಗಿ ಬೇಳೆಯ ಪರಿಪ್ಪುವಡೆ ತರಿಸಿದರು. ಸೋತವರು ದುಡ್ಡು ಕೊಡಬೇಕೆಂಬುದು ಅವರಲ್ಲಿ ಹಳೆಯ ಕರಾರು.